ಬಾಡಿಗಿ ಮನ್ಯಾಗ ಮೊಳಿ ಹೊಡ್ಯೋ ಮಂದಿ

ಬಾಡಿಗಿ ಮನಿ ಮಾಲಕರದ್ದು ಮೊದಲನೇ ಮಾತು ಯಾವಾಗಲೂ ಒಂದ. "ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ." ನೀರಿನ ಬಿಲ್ಲು, ಕರೆಂಟ್ ಬಿಲ್ಲು ಎಲ್ಲಾ ಆಮ್ಯಾಲಿನ ಮಾತು. ಹಿಂಗಾಗಿ ದೇವರ ಫೋಟೋ ಕಿಡಕಿ ಸರಳಿಗೆ ಜೋತು ಬೀಳ್ತಾವ, ಕ್ಯಾಲೆಂಡರ್ ಫ್ರಿಜ್ಜಿನ ಮ್ಯಾಲೆ ಹೋಗ್ತದ, ಚಾ ಸೋಸೋ ಜಾಳಗಿಗೆ ವರ್ಷಗಟ್ಟಲೆ ಒಂದು ಜಾಗಾ ಅನ್ನೋದ ಇರಂಗಿಲ್ಲ. ಇವತ್ತ ನಾ ಹೇಳ್ಲಿಕ್ಕೆ ಹೊಂಟಿದ್ದು ಇದರ ಉಲ್ಟಾ ಇದ್ದ ಒಬ್ಬ ಮಾಲಕನ ಕಥಿ. ಎಲ್ಲಿ ಬೇಕಾದಲ್ಲೆ ಮೊಳಿ ಹೊಡಕೋರಿ, ಸುತ್ತಿಗಿನೂ ನಾನ ಕೊಡ್ತೇನಿ ಅನ್ನೋ ಧಾಟಿಯಂವ. ಇಪ್ಪತ್ತು ವರ್ಷದಾಗ ಆ ಮಾತು ಎಲ್ಲೆಲ್ಲಿ ತಿರುಗಿ ಎಲ್ಲಿಗೆ ಬಂತು ಅನ್ನೋದನ್ನ ಸ್ವಲ್ಪ ಸಾವಕಾಶ ಹೇಳ್ತೇನಿ. ಒಲಿ ಮ್ಯಾಲೆ ಏನರೆ ಇಟ್ಟಿದ್ರ ಸಣ್ಣ ಉರಿ ಮಾಡಿ ಬರ್ರಿ.

ಮನಿ ಅಂದ್ರ ಇಟ್ಟಂಗಿ ಮನಿ ಅಲ್ಲ, ಕಂಪ್ಯೂಟರ್ ಆಟ. ಹೆಸರು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. ಮಾಡಿದವರು ಅಮೇರಿಕಾದ ಕ್ಯಾಲಿಫೋರ್ನಿಯಾದಾಗ ಅರ್ವೈನ್ ಅನ್ನೋ ಊರಿನ ಬ್ಲಿಜಾರ್ಡ್ ಕಂಪನಿಯವರು. 2004ರ ನವೆಂಬರ್ 23ಕ್ಕ ಅಲ್ಲಿ ಬಿಡುಗಡೆ ಆತು. ನಾ ಬಾಡಿಗಿ ಅಂದದ್ದು ಸುಮ್ನ ಅಲ್ಲ. ಈ ಆಟಕ್ಕ ತಿಂಗಳಾ ರೊಕ್ಕ ಕಟ್ಟಬೇಕು, ಅಮೇರಿಕಾದಾಗ 14.99 ಡಾಲರು. ಕಟ್ಟೋದು ಬಿಟ್ರ ಬಾಗಲಾ ಬಂದ್. ಸಾವಿರಾರು ಮಂದಿ ಒಂದ ಹೊತ್ತಿಗೆ ಒಂದ ಊರಾಗ ಓಡಾಡ್ತಾರ, ಕೂಡಿ ಅಡಿವಿಗೆ ಹೋಗ್ತಾರ, ಕೂಡಿ ರಾಕ್ಷಸರನ್ನ ಹೊಡಿತಾರ. ನಮ್ಮ ಮಗಳು ಕಾಲೇಜಿಗೆ ಇದ್ದಾಗಿಂದ ಇದನ್ನ ಆಡ್ಕೋತ ಬಂದಾಳ. ಅಕಿ ಪಾತ್ರ ವೈದ್ಯಗಾತಿದು. ಮಂದಿ ಬಡದಾಡ್ತಿರಬೇಕಾದ್ರ ಅವರ ಜೀವ ಹೋಗಧಂಗ ನೋಡ್ಕೊಳ್ಳೋದು. ಮೊದಲ ಸಲ ಅಕಿ ಸ್ಕ್ರೀನ್ ನೋಡಿ ನಾ ಕೇಳಿದ್ದು ಒಂದ ಮಾತು. "ಅಲ್ಲವಾ, ಆಟ ಎಲ್ಲಿ ಅದ?" ಯಾಕಂದ್ರ ಅಲ್ಲೆ ನಂಗ ಕಂಡಿದ್ದು ಬರೇ ಚೌಕ. ಸಣ್ಣ ಸಣ್ಣ ಬಣ್ಣದ ಚೌಕ, ಥೇಟ್ ಲೂಡೋ ಹಾಸು.

ಆ ಚೌಕ ಕಂಪನಿ ಕೊಟ್ಟಿದ್ದಲ್ಲ, ಅಕಿ ತಾನ ಹೊಂದಿಸಿಕೊಂಡಿದ್ದು. ನಮ್ಮ ಕಥಿ ಇಲ್ಲಿಂದ ಸುರು.

ಆಟ ಬ್ಯಾರೆ, ಆಟದ ಮ್ಯಾಲೆ ಕಾಣೋ ಪಟ್ಟಿ-ಗುಂಡಿ ಬ್ಯಾರೆ. ನಿಮ್ಮ ಜೀವ ಎಷ್ಟು ಉಳದದ ಅಂತ ತೋರಸೋ ಹಸಿರು ಪಟ್ಟಿ, ಮೂಲ್ಯಾಗಿನ ನಕಾಶೆ, ಕೆಳಗಿನ ಸಾಲು ಗುಂಡಿಗಳು, ಇವಕ್ಕೆಲ್ಲಾ ಕೂಡಿ ಇಂಟರ್‌ಫೇಸ್ ಅಂತಾರ. ಮಿಕ್ಸರ್ ಒಳಗಿನ ಮೋಟರ್ ಬ್ಯಾರೆ, ಮುಂದಿನ ತಿರಗಣಿ ಬ್ಯಾರೆ, ಹಂಗ. ಆಗಿನ ಭಾಳ ಆಟದಾಗ ಈ ತಿರಗಣಿನ ಕಂಪನಿಯವರು ಹೆಂಗ ಕೂಡಿಸಿದ್ರು ಹಂಗ ಒಪ್ಪಕೋಬೇಕಿತ್ತು. ಹಂಗಂತ ಆಟದ ಕಡತ ಬಿಚ್ಚಿ ಕೈಯಾಡಿಸೋ ಚಾಳಿ ಹೊಸದೇನಲ್ಲ. 1993ರ 'ಡೂಮ್' ಆಟದಾಗ ಚಿತ್ರ, ಧ್ವನಿ, ನಕಾಶೆ ಎಲ್ಲಾ ಪ್ರೋಗ್ರಾಮಿನಿಂದ ಬ್ಯಾರೆ ಮಾಡಿ ಒಂದು ಗಂಟಿನ್ಯಾಗ ಇಟ್ಟಿದ್ರು, ಮಂದಿ ಆ ಗಂಟು ಬಿಚ್ಚಿ ತಮಗ ಬೇಕಾದ್ದು ತುಂಬಿದ್ರು. ಆದ್ರ ವಾರ್‌ಕ್ರಾಫ್ಟಿನ ಮಂದಿ ಇನ್ನೊಂದು ಹೆಜ್ಜಿ ಮುಂದ ಹೋದ್ರು. ಸ್ಕ್ರೀನಿನ ಮ್ಯಾಲಿನ ಪಟ್ಟಿ-ಗುಂಡಿಯನ್ನೆಲ್ಲಾ ಸಾದಾ ಅಕ್ಷರದ ಕಡತದಾಗ ಬರದು, ಅದನ್ನ ಓದ್ಲಿಕ್ಕೆ ಬಿಟ್ಟು, 'ಇಂಟರ್‌ಫೇಸ್' ಅನ್ನೋ ಫೋಲ್ಡರಿನೊಳಗ 'ಆಡ್‌ಆನ್ಸ್' ಅನ್ನೋ ಒಂದು ಫೋಲ್ಡರ್ ಖಾಲಿ ಬಿಟ್ಟು ಕೊಟ್ರು. ನಿಮ್ಮ ಕಡತ ಅದರಾಗ ಇಡ್ರಿ, ಆಟ ಸುರು ಆಗಬೇಕಾದ್ರ ಓದಿಕೋತದ. ಇಷ್ಟ.

ಆ ಕಡತ ಬರಿಯೋ ಭಾಷಾದ ಹುಟ್ಟಿನ ಕಥಿ ನಂಗ ಆಟಕ್ಕಿಂತ ಹೆಚ್ಚು ಸೇರ್ತು. ಅದರ ಹೆಸರು ಲುವಾ. ಹುಟ್ಟಿದ್ದು ಅಮೇರಿಕಾದಾಗಲ್ಲ, ಬ್ರೆಜಿಲ್ ದೇಶದ ರಿಯೋ ಡಿ ಜನೈರೋದಾಗ, ಅಲ್ಲಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದೊಳಗ, 1993ರಾಗ. ಮಾಡಿದವರು ಮೂರು ಮಂದಿ, ರಾಬರ್ತೊ ಯೆರುಸಲಿಮ್ಸ್ಕಿ, ಲೂಯಿಜ್ ಎನ್ರಿಕೆ ದೆ ಫಿಗೆರೆದೊ, ವಾಲ್ದೆಮಾರ್ ಸೆಲೆಸ್. ಯಾಕ ಮಾಡಿದ್ರು? ಆವಾಗಿನ ತನಕ ಬ್ರೆಜಿಲ್ ಸರಕಾರದವರು ಹೊರಗಿನ ಕಂಪ್ಯೂಟರು, ಸಾಫ್ಟ್‌ವೇರು ಒಳಗ ಬರಧಂಗ ಗಟ್ಟಿ ಕಟ್ಟಳೆ ಹಾಕಿದ್ರು. ಸುಮಾರು 1977ರಿಂದ 1992ರ ತನಕ. ಹಿಂಗಾಗಿ ಅಲ್ಲಿನ ಮಂದಿ ಬೇಕಾದ್ದನ್ನ ಮನ್ಯಾಗ ಮಾಡ್ಕೊಳ್ಳೋದು ರೂಢಿ ಆಗಿತ್ತು. ಪೇಟ್ಯಾಗ ಸಿಗಲಿಲ್ಲಂದ್ರ ಹಪ್ಪಳಾ ಮನ್ಯಾಗ ಲಟ್ಟಸ್ತೇವಲ್ಲ, ಹಂಗ. ಅಲ್ಲಿನ ಎಣ್ಣಿ ಕಂಪನಿ ಪೆಟ್ರೊಬ್ರಾಸಿನ ಎಂಜಿನಿಯರುಗೋಳಿಗೆ ಅಂತ ಮೊದಲ ಎರಡು ಸಣ್ಣ ಭಾಷಾ ಮಾಡಿದ್ರು. ಒಂದರ ಹೆಸರು 'ಸೋಲ್'. ಅವರ ಪೋರ್ಚುಗೀಸ್ ಭಾಷಾದಾಗ ಸೋಲ್ ಅಂದ್ರ ಸೂರ್ಯ. ಆಮ್ಯಾಲೆ ಅವೆರಡನ್ನೂ ಕೂಡಿಸಿ ಹೊಸದು ಮಾಡಿದಾಗ ಒಬ್ಬ ಗೆಳೆಯಾ ಅಂದನಂತ, ಸೂರ್ಯ ಆತು, ಇದಕ್ಕ ಚಂದ್ರ ಅನ್ರಿ. ಲುವಾ ಅಂದ್ರ ಚಂದ್ರ.

ಸಣ್ಣ ಭಾಷಾ, ಹಗುರು, ಯಾವ ದೊಡ್ಡ ಪ್ರೋಗ್ರಾಮಿನ ಹೊಟ್ಟ್ಯಾಗರೆ ಸುಮ್ನ ಕೂಡತದ. 1998ರ 'ಗ್ರಿಮ್ ಫಂಡಾಂಗೋ' ಅನ್ನೋ ಆಟದಾಗ ಅದನ್ನ ಬಳಸಿದ್ರು. ಅಲ್ಲಿಂದ ಮುಂದ ಆಟ ಮಾಡೋ ಮಂದಿಗೆ ಇದರ ಗುರುತಾತು. ವಾರ್‌ಕ್ರಾಫ್ಟಿನ ಕಡತದಾಗ ಎರಡು ಭಾಗ ಇರ್ತಾವ. ಯಾವ ಪಟ್ಟಿ ಎಲ್ಲಿ ಕೂಡಬೇಕು, ಎಷ್ಟಗಲ ಎಷ್ಟೆತ್ತರ ಅನ್ನೋದನ್ನ ಎಕ್ಸ್‌ಎಂಎಲ್ ಅನ್ನೋ ಬರವಣಿಗಿಯೊಳಗ ಬರಿತಾರ. ಆ ಪಟ್ಟಿ ಏನು ಮಾಡಬೇಕು ಅನ್ನೋದನ್ನ ಲುವಾದಾಗ ಬರಿತಾರ. ಇವೆರಡರ ಜೊತಿಗೆ ಒಂದು ಸಣ್ಣ ಪಟ್ಟಿ-ಕಡತ, ಅದಕ್ಕ ಟಿಓಸಿ ಅಂತಾರ. ಮದವಿ ಸಾಮಾನಿನ ಯಾದಿ ಇದ್ಧಂಗ. ಹೆಸರೇನು, ಯಾವ ಕಡತ ಮೊದಲ ಓದಬೇಕು, ಯಾವ ಆವೃತ್ತಿಗೆ ಬರದದ್ದು. ಫೋಲ್ಡರಿನ ಹೆಸರು, ಈ ಯಾದಿ ಹೆಸರು ಎರಡೂ ಒಂದ ಇರಬೇಕು. ಒಂದಕ್ಷರ ಆಚೀಚೆ ಆದ್ರ ಆಟ ಆ ಫೋಲ್ಡರಿನ ಕಡೆ ಹೊಳ್ಳಿ ಸುದ್ದಾ ನೋಡಂಗಿಲ್ಲ.

ಇದನ್ನ ಮಂದಿ ಕಲತದ್ದು ಹೆಂಗ? ಸಾಲಿಗೆ ಹೋಗಿ ಅಲ್ಲ. ಕಂಪನಿಯವರ ತಮ್ಮ ಸ್ವಂತ ಇಂಟರ್‌ಫೇಸ್ ಕಡತಗಳನ್ನ ಹೊರಗ ತಗಿಲಿಕ್ಕೆ ಒಂದು ಸಣ್ಣ ಉಪಕರಣ ಕೊಟ್ಟಿದ್ರು. ಮುಂದ ಅದನ್ನ ಆಟದೊಳಗಿನ ಒಂದು ಆಜ್ಞಾ ಮಾಡಿದ್ರು. ಅದನ್ನ ಬಡದ್ರ ಕಂಪನಿ ಬರದಿದ್ದೆಲ್ಲಾ ನಿಮ್ಮ ಕಂಪ್ಯೂಟರಿನ್ಯಾಗ ಒಂದು ಫೋಲ್ಡರಿನೊಳಗ ಬಂದು ಕೂಡತದ. ತಗದು ಓದೋದು. ಓ, ನಕಾಶೆನ್ನ ಇವರು ಹಿಂಗ ಬರದಾರ, ಗುಂಡಿನ್ನ ಹಿಂಗ. ಅದರಾಗಿನ ಒಂದು ತುಂಡು ಕಾಪಿ ಮಾಡಿ ತಮ್ಮ ಕಡತದಾಗ ಹಾಕೋದು, ಒಂದು ಅಂಕಿ ಬದಲ ಮಾಡೋದು, ಆಟದಾಗ 'ರೀಲೋಡ್' ಅಂತ ಹೊಡ್ಯೋದು. ಒಂದು ಕ್ಷಣ ಸ್ಕ್ರೀನ್ ಖಾಲಿ ಆಗ್ತದ, ಆಮ್ಯಾಲೆ ಬದಲಾಗಿದ್ದು ಕಾಣತದ. ಅತ್ತಿ ಸಾರು ಮಾಡೋದನ್ನ ಬಾಜೂಕ ನಿಂತು ನೋಡಿ, ಮರುದಿನ ಒಂದು ಚಮಚಾ ಧನಿಯಾ ಹೆಚ್ಚ ಹಾಕಿ ನೋಡ್ತೇವಲ್ಲ, ಅದ ಪದ್ಧತಿ. ನಾವು ಕಲತ ಅಡಗಿ ಎಲ್ಲಾ ಹಂಗ ಕಲತದ್ದು. ಪುಸ್ತಕಾ ಓದಿ ಯಾರು ಕಲತಾರ ಹೇಳ್ರಿ?

ಪುಸ್ತಕಾನೂ ಬಂದ್ವು ಬಿಡ್ರಿ. 2008ರಾಗ ಜೇಮ್ಸ್ ವೈಟ್‌ಹೆಡ್ ಮತ್ತ ಇನ್ನಿಬ್ಬರು ಕೂಡಿ ಇದರ ಬಗ್ಗೆನ ಒಂದು ದಪ್ಪ ಪುಸ್ತಕಾ ಬರದ್ರು. ಆದ್ರ ಅದಕ್ಕಿಂತ ಮೊದಲ, ಆಟ ಬಂದ ಬೆನ್ನಿಗೇ, ಆಡೋ ಮಂದಿನ ಕೂಡಿ ಯಾವ ಆಜ್ಞಾ ಏನು ಮಾಡತದ ಅಂತ ಒಂದು ನಿಘಂಟು ಕಟ್ಲಿಕ್ಕೆ ಸುರು ಮಾಡಿದ್ರು. ಪಗಾರ ಇಲ್ಲದ ಕೆಲಸ.

ನಾನೂ ಕೂತು ಕಲತೆ, ಪೂರ್ತಿ ಅಲ್ಲ, ಬೇಕಾದಷ್ಟು. ಮಗಳು ಬಾಜೂಕ ಕೂತು ತೋರಿಸಿದ್ಲು. ಮೊದಲನೇ ಪಾಠ 'ಸೆಟ್‌ಪಾಯಿಂಟ್', ಅಂದ್ರ ಮೊಳಿ ಹೊಡಿಯೋದು. ಒಂದು ಚೌಕದ ಯಾವ ಮೂಲಿನ್ನ ಇನ್ಯಾವದರ ಯಾವ ಮೂಲಿಗೆ ಕಟ್ಟಬೇಕು, ಅಲ್ಲಿಂದ ಎಷ್ಟು ಬಲಕ್ಕ, ಎಷ್ಟು ಮ್ಯಾಲೆ. ಇಷ್ಟು ಹೇಳಿದ್ರ ಸಾಕು, ಸ್ಕ್ರೀನ್ ದೊಡ್ಡದಿರಲಿ ಸಣ್ಣದಿರಲಿ ಚೌಕ ತನ್ನ ಜಾಗಾ ಬಿಡಂಗಿಲ್ಲ. ಸ್ಕ್ರೀನಿನ ಎತ್ತರನ್ನ ಆಟ 768 ಪಾಲು ಅಂತ ಹಿಡಿತದ, ಖರೇ ಎತ್ತರ ಎಷ್ಟ ಇರಲಿ. ರಂಗೋಲಿಗೆ ಚುಕ್ಕಿ ಇಟ್ಟಂಗ ಅಂತ ನನ್ನ ತಲ್ಯಾಗ ಹೊಕ್ತು, ಹೊಕ್ಕ ಮ್ಯಾಲೆ ಸರಳ ಆತು. ಎರಡನೇ ಪಾಠ ಪದರು. ಯಾವದು ಕೆಳಗ, ಯಾವದು ಮ್ಯಾಲೆ. ಹಿನ್ನೆಲಿ, ಅಂಚು, ಚಿತ್ರ, ಅದರ ಮ್ಯಾಲಿನ ಅಕ್ಷರ. ಹಾಸಿಗಿ ಹಾಸೋವಾಗ ಚಾದರಿನ ಮ್ಯಾಲೆ ಕಂಬಳಿ, ಕಂಬಳಿ ಮ್ಯಾಲೆ ದುಪ್ಪಡಿ. ಮೂರನೇದು ಬಣ್ಣ. ಕೆಂಪು, ಹಸಿರು, ನೀಲಿ ಮೂರಕ್ಕ ಮೂರು ಅಂಕಿ, ಸೊನ್ನಿಯಿಂದ ಒಂದರ ತನಕ. ನಮ್ಮ ಮೈದುನಗ ಕೆಂಪು-ಹಸಿರು ಫರಕ ತಿಳಿಯಂಗಿಲ್ಲ. ಪ್ಯಾಟ್ಯಾಗ ಟೊಮ್ಯಾಟೊ ಆರಿಸ್ಲಿಕ್ಕೆ ಹಚ್ಚಿದ್ರ ಕಾಯಿ-ಹಣ್ಣು ಕೂಡೇ ತರ್ತಾರ. ಅಂಥಾವರು ಈ ಆಟ ಆಡಿದ್ರ ಅಪಾಯದ ಕೆಂಪನ್ನ ನೀಲಿ ಮಾಡ್ಲಿಕ್ಕೆ ಆ ಮೂರು ಅಂಕಿ ಬದಲಿಸಿದ್ರ ಆತು. ಯಾರ ಅಪ್ಪಣಿನೂ ಬ್ಯಾಡ.

ಈಗ ಆ ಚೌಕದ ಮಾತಿಗೆ ಬರೋಣ. ಸುರುವಿನ ವರ್ಷದಾಗ ದೊಡ್ಡ ರಾಕ್ಷಸರನ್ನ ಹೊಡಿಲಿಕ್ಕೆ ನಲವತ್ತು ಮಂದಿ ಕೂಡಿ ಹೋಗತಿದ್ರು. 'ಮೋಲ್ಟನ್ ಕೋರ್' ಅಂತ ಬೆಂಕಿ ಗವಿ, ಅದಕ್ಕ ನಲವತ್ತು ಮಂದಿ. ಹೊಡಿಯೋರಿಗೆ ರಾಕ್ಷಸ ಕಂಡ್ರ ಸಾಕು. ವೈದ್ಯಗಾತಿಗೆ ನಲವತ್ತೂ ಮಂದಿ ಕಾಣಬೇಕು, ಒಂದ ನೋಟದಾಗ. ಯಾರ ಜೀವ ಇಳಿಲಿಕ್ಕೆ ಹತ್ತೇದ, ಯಾರಿಗೆ ವಿಷ ಏರೇದ, ಯಾರು ದೂರ ನಿಂತಾರ. ಕಂಪನಿ ಕೊಟ್ಟ ಪಟ್ಟಿಯೊಳಗ ಇದು ನೀಟಾಗಿ ಆಗ್ತಿರಲಿಲ್ಲ. ಆಡೋ ಮಂದಿ ತಮ್ಮ ತಾವ ಕಡತ ಬರದು ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಚೌಕ ಮಾಡಿದ್ರು. 'ಗ್ರಿಡ್', 'ಹೀಲ್‌ಬಾಟ್', 'ವೂಡೂ', ಹಿಂಥಾ ಹೆಸರು. ಜೀವ ಇಳದಂಗ ಚೌಕ ಖಾಲಿ ಆಗ್ಕೋತ ಹೋಗ್ತದ, ವಿಷ ಏರಿದ್ರ ಮೂಲ್ಯಾಗ ಒಂದು ಚುಕ್ಕಿ ಮೂಡತದ. ಅಲ್ಲೆ ಒತ್ತಿದ್ರ ಔಷಧ ಹೋತು. ಮುಂದ ಬೆಂಕಿ ಉಗುಳೋ ಡ್ರ್ಯಾಗನ್ ಎಷ್ಟು ಚಂದ ಅದ ಅಂತ ವೈದ್ಯಗಾತಿಗೆ ಗೊತ್ತ ಇರಂಗಿಲ್ಲ. ಮದವಿ ಮನ್ಯಾಗ ಬಡಸೋರಿಗೆ ಮದುಮಗಳ ಸೀರಿ ಯಾವ ಬಣ್ಣ ಅಂತ ಕೇಳಿ ನೋಡ್ರಿ. ಅವರಿಗೆ ಕಂಡಿದ್ದು ಪಂಕ್ತಿ ಎಲಿ, ಯಾರ ಎಲಿಯಾಗ ಅನ್ನ ಮುಗದದ, ಯಾರಿಗೆ ತವ್ವಿ ಬಿದ್ದಿಲ್ಲ, ಅಷ್ಟ.

ಈ ಕೆಲಸನ್ನ ಒಳಗ ಕೂತು ನೋಡಿದ ಒಬ್ಬಾಕಿ ಬಗ್ಗೆ ಹೇಳಲೇಬೇಕು. ಬಾನಿ ನಾರ್ಡಿ ಅಂತ, ಮಾನವಶಾಸ್ತ್ರದಾಕಿ, ಅದ ಅರ್ವೈನ್ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಾಗ ಪ್ರೊಫೆಸರ್ ಆಗಿದ್ದಾಕಿ. ಅಧ್ಯಯನಕ್ಕಂತ ತಾನ ಈ ಆಟಕ್ಕ ಸೇರಿದ್ಲು, ಅದೂ ವೈದ್ಯಗಾತಿ ಆಗಿ. ಚೀನಾಕ್ಕೂ ಹೋಗಿ ಅಲ್ಲಿನ ಆಟಗಾರರನ್ನ ನೋಡಿ ಬಂದ್ಲು. 2010ರಾಗ 'ಮೈ ಲೈಫ್ ಆ್ಯಸ್ ಎ ನೈಟ್ ಎಲ್ಫ್ ಪ್ರೀಸ್ಟ್' ಅಂತ ಪುಸ್ತಕಾ ಬರದ್ಲು. ಆದ್ರ ನಂಗ ಇಕಿ ಹಳೇ ಪುಸ್ತಕಾನ ಹೆಚ್ಚ ಬೇಕಾದ್ದು ಅನಸ್ತದ. 1993ರಾಗ, ಲುವಾ ಹುಟ್ಟಿದ ವರ್ಷನ, ಪ್ರೋಗ್ರಾಮರ್ ಅಲ್ಲದ ಸಾದಾ ಮಂದಿ ತಮ್ಮ ಕೆಲಸಕ್ಕ ಬೇಕಾದ್ದನ್ನ ತಾವ ಬರಕೊಳ್ಳೋದರ ಬಗ್ಗೆ ಇಕಿ ಒಂದು ಪುಸ್ತಕಾ ಬರದಿದ್ಲು. ಆಫೀಸಿನ್ಯಾಗ ಲೆಕ್ಕದ ಶೀಟು ಮಾಡೋ ಮಂದಿನ್ನ ಕೂತು ನೋಡಿ ಬರದದ್ದು. ಅವರು ಪುಸ್ತಕಾ ಓದಿ ಕಲಿತಿರಲಿಲ್ಲ, ಬಾಜೂ ಟೇಬಲ್ಲಿನವರನ್ನ ಕೇಳ್ಕೋತ, ಅವರ ಶೀಟು ಕಾಪಿ ಮಾಡ್ಕೋತ ಕಲಿತಿದ್ರು. ಇನ್ನೊಬ್ಬರ ಜೊತಿ ಕೂಡಿ ಬರದ ಒಂದು ಲೇಖನದಾಗ, ಆಫೀಸಿನೊಳಗ ಉಳದವರಿಗೆ ಹೇಳಿಕೊಡೋ ಒಬ್ಬರಿಗೆ 'ಗಾರ್ಡನರ್', ಅಂದ್ರ ಮಾಲಿ, ಅಂತ ಹೆಸರು ಇಟ್ಟಾಳ. ನಮ್ಮ ಓಣ್ಯಾಗ ಯಾರಿಗೆ ಫೋನ್ ಕೆಟ್ಟರೂ ಒಬ್ಬರ ಮನಿಗೆ ಓಡತೇವಲ್ಲ, ಅವರ ಹೆಸರು ನಾ ಹೇಳಂಗಿಲ್ಲ, ಅವರಿಗೆ ತಿಳಿತದ.

ಚೌಕ ಆತು, ಆಮ್ಯಾಲೆ ಬಂದದ್ದು ಮೀಟರು. ಯಾರು ರಾಕ್ಷಸಗ ಎಷ್ಟು ಹೊಡದ್ರು, ಯಾರು ಎಷ್ಟು ಔಷಧ ಕೊಟ್ರು ಅಂತ ಪಟ್ಟಿ ಹಚ್ಚಿ ಒಂದು, ಎರಡು, ಮೂರು ಅಂತ ನಂಬರ್ ಕೊಡೋ ಆಡ್‌ಆನ್. 'ರೀಕೌಂಟ್' ಅಂತ ಒಂದು ಭಾಳ ನಡೀತು. ಯಾರು ಬಡದಾಟಕ್ಕ ಮದ್ದು ಕುಡದು ಬಂದಾರ, ಯಾರ ಕವಚ ಹರದದ, ಅದನ್ನೂ ಮುಖಂಡರು ಕೂತಲ್ಲೆ ನೋಡ್ಲಿಕ್ಕೆ ಬರತಿತ್ತು. ಟಿ. ಎಲ್. ಟೇಲರ್ ಅನ್ನೋ ಸಮಾಜಶಾಸ್ತ್ರದಾಕಿ 2006ರ ಹೊತ್ತಿಗೇ ಬರದ್ಲು, ಈ ಉಪಕರಣ ಆಟಕ್ಕ ಸಹಾಯನೂ ಹೌದು, ಒಬ್ಬರ ಮ್ಯಾಲೊಬ್ಬರು ಕಣ್ಣಿಡೋದೂ ಹೌದು ಅಂತ. ನಾ ಇದನ್ನ ಒಪ್ಪತೇನಿ. ವೈದ್ಯಗಾತಿ ಹೆಚ್ಚ ಔಷಧ ಕೊಟ್ಲು ಅಂದ್ರ ಅಕಿ ಚಲೋ ಕೆಲಸದಾಕಿ ಅಂತನ ಅರ್ಥ ಅಲ್ಲ. ಯಾರಿಗೂ ಪೆಟ್ಟ ಬೀಳಧಂಗ ಮೊದಲ ಜ್ವಾಕಿ ಮಾಡಿದಾಕಿ ನಂಬರ್ ಮೀಟರಿನ್ಯಾಗ ಕೆಳಗ ಇರತದ. ಎಷ್ಟು ಚಪಾತಿ ಲಟ್ಟಿಸಿದಿ ಅಂತ ಎಣಸಬಹುದು. ಯಾರಿಗೆ ಎಷ್ಟು ಹಸಿವಿ ಅದ ಅಂತ ಮೊದಲ ತಿಳಕೊಂಡು ಹಿಟ್ಟು ಕಲಿಸಿದ್ದಕ್ಕ ಲೆಕ್ಕ ಎಲ್ಲೆ ಅದ? ಆದ್ರ ಒಮ್ಮೆ ಅಂಕಿ ಸ್ಕ್ರೀನಿನ ಮ್ಯಾಲೆ ಬಂತಂದ್ರ ಎಲ್ಲಾರ ಕಣ್ಣು ಅಲ್ಲೆ.

ಮಾಲಕ ಮೊದಲ ಸಲ ಹುಬ್ಬು ಗಂಟ ಹಾಕಿದ್ದು ಮೀಟರಿಗೆ ಅಲ್ಲ, 'ಡಿಕರ್ಸಿವ್' ಅನ್ನೋ ಆಡ್‌ಆನ್ ನಮೂನಿ ಕೆಲಸಕ್ಕ. ಅದು ವಿಷ-ಶಾಪ ತಗಿಯೋದು. ಸುರುವಿಗೆ ಅದರಾಗ ಒಂದ ಗುಂಡಿ ಒತ್ತಿದ್ರ ಸಾಕಿತ್ತು. ಯಾರಿಗೆ ವಿಷ ಏರೇದ ಅಂತ ಅದ ಹುಡಕತಿತ್ತು, ಯಾವ ಮಂತ್ರ ಬೇಕು ಅಂತ ಅದ ಆರಸತಿತ್ತು, ಬಿಡತಿತ್ತು. ವೈದ್ಯಗಾತಿ ಬೆರಳು ಒಂದು ಇದ್ರ ಸಾಕು, ಕಣ್ಣು-ತಲಿ ಬ್ಯಾಡ. 2006ರ ಡಿಸೆಂಬರಿನ್ಯಾಗ ಬಂದ 2.0 ಆವೃತ್ತಿಯೊಳಗ ಕಂಪನಿ ಇದನ್ನ ಬಂದ್ ಮಾಡ್ತು. ಆಡ್‌ಆನ್ ತೋರಿಸಬಹುದು, ಆದ್ರ ಯಾರಿಗೆ ಯಾವ ಮಂತ್ರ ಅನ್ನೋ ನಿರ್ಧಾರ ಮನಶ್ಯಾನ ಮಾಡಬೇಕು, ಗುಂಡಿ ಅವನ ಒತ್ತಬೇಕು. ಬಡದಾಟ ನಡದಾಗ ಮಂತ್ರದ ಗುಂಡಿಗಳನ್ನ ಆಡ್‌ಆನ್ ಸರಸಂಗಿಲ್ಲ, ಅಡಗಸಂಗಿಲ್ಲ.

ಇದನ್ನ ಅವರು ಮಾಡಿದ ರೀತಿ ಕೇಳಿದ್ರ ನಮ್ಮ ಹಳೇ ಅಡಗಿ ಮನಿ ನೆನಪಾಗ್ತದ. ಕಂಪನಿ ಬರದ ಕಡತ ಮಡಿ. ಆಡ್‌ಆನಿನ ಕಡತ ಮೈಲಿಗಿ. ಮಡಿ ಕಡತ ನಡಿಬೇಕಾದ್ರ ಮೈಲಿಗಿಯವರು ಮುಟ್ಟಿದ ಒಂದು ಅಂಕಿ ಓದಿದ್ರ ಸಾಕು, ಅಲ್ಲಿಂದ ಮುಂದ ಅದೂ ಮೈಲಿಗಿ, ಅದು ಮಂತ್ರ ಹೇಳಂಗಿಲ್ಲ. ಅವರ ಭಾಷಾದಾಗ ಇದಕ್ಕ 'ಟೇಂಟ್' ಅಂತಾರ. ನಮ್ಮ ಅಜ್ಜಿಗೆ ಈ ಕಟ್ಟಳೆ ಹೇಳಿಕೊಡೋದು ಬ್ಯಾಡಾಗಿತ್ತು, ಒಣ ಹಾಕಿದ ಮಡಿ ಸೀರಿಗೆ ಯಾರದರೆ ಸೆರಗ ತಾಕಿತಂದ್ರ ಅಕಿ ಮತ್ತ ಬಾವಿ ಕಡೆ ಹೊಂಟಬಿಡ್ತಿದ್ಲು. ಅಜ್ಜಿ ಮಡಿ ನಂಗ ಒಂದೂ ಸೇರತಿರಲಿಲ್ಲ. ಈ ಮಡಿ ಮಾತ್ರ ಬರೋಬ್ಬರಿ ಅನಸ್ತದ. ತಾನ ಆಡೋ ಆಟದಾಗ ಆಡೋ ಮನಶ್ಯಾನ ಇಲ್ಲಂದ್ರ ಬಾಡಿಗಿ ಕಟ್ಟೋದರೆ ಯಾಕ? ಬಡದಾಟದಾಗ "ಆಡ್‌ಆನಿನಿಂದ ಈ ಕೆಲಸ ತಡದದ" ಅನ್ನೋ ಧಾಟಿ ಸಂದೇಶ ಬಂತಂದ್ರ ಆಡೋರೆಲ್ಲಾ ಹಲ್ಲು ಕಡಿತಾರ, ಅದು ಬ್ಯಾರೆ ಮಾತು. ಯಾವ ಕಡತದ ಯಾವ ಸಾಲು ಮುಟ್ಟಿ ಮೈಲಿಗಿ ಆತು ಅಂತ ಹುಡಕೋದರಾಗನ ಎಷ್ಟೋ ಮಂದಿ ಪ್ರೋಗ್ರಾಮಿಂಗ್ ಕಲತುಬಿಟ್ರು.

ಎರಡನೇ ಸಲ ಜಗಳಾ ಆದದ್ದು ರೊಕ್ಕದ ಮ್ಯಾಲೆ. 2009ರ ಮಾರ್ಚಿನ್ಯಾಗ ಕಂಪನಿ ಲಿಖಿತ ಕಟ್ಟಳೆ ಹಾಕ್ತು. ಆಡ್‌ಆನ್ ಪುಕಟ ಇರಬೇಕು, ಅದರ ಬರವಣಿಗಿ ಎಲ್ಲಾರೂ ಓದೋ ಹಂಗ ಇರಬೇಕು, ಜಾಹೀರಾತು ಬ್ಯಾಡ, ಆಟದೊಳಗ ದಾನ ಕೇಳೋದು ಬ್ಯಾಡ. 'ಕಾರ್ಬೊನೈಟ್' ಅನ್ನೋ ನಕಾಶೆ ಆಡ್‌ಆನಿಗೆ ರೊಕ್ಕ ತಗೋತಿದ್ರು, ಅದು ಪುಕಟ ಆತು. ಓದೋ ಹಂಗ ಇರಬೇಕು ಅನ್ನೋದು ನಂಗ ಭಾಳ ಚಲೋ ಅನಸ್ತದ, ಕಲಿಯೋರಿಗೆ ಅದ ಪಾಠ. ಆದ್ರ ರಾತ್ರಿಯೆಲ್ಲಾ ಕೂತು ಬರದವಗ ದಾನನೂ ಕೇಳಬ್ಯಾಡ ಅನ್ನೋದು, ತಿಂಗಳಾ ಬಾಡಿಗಿ ಎಣಸೋ ಮಾಲಕನ ಬಾಯಾಗ ಅಷ್ಟು ಚಂದ ಕೇಳಸಲಿಲ್ಲ.

ಮೂರನೇದು ರಂಗೋಲಿ ಜಗಳಾ. ಹೆಸರು ಎವಿಆರ್. ಅದನ್ನ ಬರದವರು ಆಟದ ನೆಲದ ಮ್ಯಾಲೆನ ಗೆರಿ, ವರ್ತುಲ ಕಾಣೋ ಹಂಗ ಮಾಡಿದ್ರು. ಇಲ್ಲೆ ನಿಂದರ್ರಿ, ಈ ವರ್ತುಲದ ಹೊರಗ ಓಡ್ರಿ ಅಂತ. ಅಲ್ಲಿ ತನಕ ಆಡ್‌ಆನ್ ಅಂದ್ರ ಕನ್ನಡಕದ ಮ್ಯಾಲೆ ಬರದಂಗ. ಇದು ಅಂಗಳದಾಗನ ಬರದಂಗ ಆತು. 2010ರ 3.3.5 ಆವೃತ್ತಿಯೊಳಗ ಕಂಪನಿ ಅದನ್ನ ಮುರದು ಹಾಕ್ತು. ಮುಂದ ಅದ ವರ್ಷದ ಕೊನಿಗೆ ಬಂದ 'ಕ್ಯಾಟಕ್ಲಿಸಂ' ವಿಸ್ತರಣದಾಗ ನೆಲದ ಮ್ಯಾಲೆ ಬಣ್ಣದ ಗುರ್ತು ಇಡೋ ಸವಲತ್ತು ಕಂಪನಿನ ಕೊಟ್ಟಿತು!

ಇದ ನಡಾವಳಿ ಮತ್ತ ಮತ್ತ ಕಾಣತದ. ಆಡೋ ಮಂದಿ ಏನರೆ ಮಾಡ್ತಾರ, ನಾಲ್ಕು ವರ್ಷಕ್ಕ ಅದು ಆಟದ ಸ್ವಂತದ್ದು ಆಗ್ತದ. ಯಾವ ಕೆಲಸಕ್ಕ ಎಲ್ಲಿ ಹೋಗಬೇಕು ಅಂತ ನಕಾಶೆದಾಗ ತೋರಸೋದು ಮೊದಲ ಆಡ್‌ಆನಿನ್ಯಾಗ ಇತ್ತು, 2009ರ ಡಿಸೆಂಬರಿನ್ಯಾಗ ಆಟದೊಳಗ ಬಂತು. ಬಟ್ಟಿ-ಕವಚದ ಜೋಡಿ ಇಟ್ಟುಕೊಳ್ಳೋದೂ ಹಂಗ. ಸೊಸಿ ತವರಿನಿಂದ ತಂದ ಚಟ್ನಿ ಹತ್ತು ವರ್ಷಕ್ಕ ಗಂಡನ ಮನಿ ಹೆಸರಿನ ಚಟ್ನಿ ಆಗತದಲ್ಲ, ಹಂಗ. 2022ರ ಅಕ್ಟೋಬರಿನ್ಯಾಗ 'ಎಡಿಟ್ ಮೋಡ್' ಬಂತು. ಪಟ್ಟಿ-ಗುಂಡಿಯನ್ನ ಇಲಿ ಹಿಡದು ಎಳದು ಬೇಕಾದಲ್ಲೆ ಕೂಡಿಸಬಹುದು, ಕಡತ ಮುಟ್ಟೋದು ಬ್ಯಾಡ. ಹದಿನೆಂಟು ವರ್ಷ ಮಂದಿ ಅಂಕಿ ಬರದು ಮಾಡಿದ ಕೆಲಸ. ಸವಲತ್ತು ಆತು ಖರೇ. ಆದ್ರ ಹೊಸಾ ಹುಡುಗುರು ಕಡತ ತಗದು ನೋಡೋ ಕಾರಣಾನ ಒಂದು ಕಡಿಮಿ ಆತು.

ಕಡತ ತೆರೆದದ್ದು ಇದ್ದದ್ದಕ್ಕ ಏನಾಗ್ತದ ಅಂತ ಕೇಳಿದ್ರ ನಾ ಒಂದ ಹೆಸರು ಹೇಳ್ತೇನಿ, 'ಸ್ಕೂ'. ಈ ಆಟದ ಹಳೇ ನಮೂನಿಗೆ 'ಕ್ಲಾಸಿಕ್' ಅಂತಾರ, ಅದಕ್ಕ ಬರದ ಆಡ್‌ಆನ್. ಕಣ್ಣು ಕಾಣದವರು ಆಟ ಆಡ್ಲಿಕ್ಕೆ ಬರಲಿ ಅಂತ ಮಾಡಿದ್ದು. ಪಟ್ಟಿ, ಗುಂಡಿ, ಚೀಲದಾಗಿನ ಸಾಮಾನು ಎಲ್ಲಾ ಧ್ವನಿಯೊಳಗ ಹೇಳತದ, ಸಪ್ಪಳದಿಂದ ದಾರಿ ತೋರಸ್ತದ. ಸ್ಕ್ರೀನ್ ಕಾಣದವರಿಗೆ ಸ್ಕ್ರೀನಿನ ಕಡತ ತಿದ್ದಿ ದಾರಿ ಮಾಡಿದ್ರು ನೋಡ್ರಿ. ಯಾವ ಆಡ್‌ಆನ್ ಯಾರಿಗೆ ಬೇಕಾಗ್ತದ ಅಂತ 2004ರಾಗ ಆ ಖಾಲಿ ಫೋಲ್ಡರ್ ಬಿಟ್ಟವರು ಎಣಿಸಿರಲಿಕ್ಕಿಲ್ಲ.

ಈಗಿನ ಜಗಳಾ ಎಲ್ಲಾಕ್ಕಿಂತ ದೊಡ್ಡದು. ವರ್ಷಗಟ್ಟಲೆ ಆಡ್‌ಆನುಗಳು ಶಾಣ್ಯಾ ಆಗ್ಕೋತ ಬಂದು, ಬಡದಾಟದಾಗ ಈಗ ಓಡು, ಈಗ ನಿಲ್ಲು, ನೀ ಎಡಕ್ಕ ಹೋಗು ಅಂತ ಒಬ್ಬೊಬ್ಬರಿಗೆ ಹೇಳ್ಲಿಕ್ಕೆ ಹತ್ತಿದ್ವು. ಅದಕ್ಕ ತಕ್ಕಂಗ ಕಂಪನಿ ರಾಕ್ಷಸರನ್ನ ಇನ್ನೂ ಕಠಿಣ ಮಾಡ್ತು. ಕಠಿಣ ಆದಂಗ ಆಡ್‌ಆನ್ ಇಲ್ಲದ ಆಡ್ಲಿಕ್ಕೆ ಬರಧಂಗ ಆತು. 2025ರಾಗ ಕಂಪನಿ ಸಾಕು ಅಂತು. 'ಮಿಡ್‌ನೈಟ್' ಅನ್ನೋ ವಿಸ್ತರಣಕ್ಕಂತ 2026ರ ಜನವರಿಯೊಳಗ ಬಂದ 12.0 ಆವೃತ್ತಿಯಿಂದ ಬಡದಾಟದ ಭಾಳಷ್ಟು ಅಂಕಿಗಳು 'ಗುಪ್ತ' ಆದ್ವು. ಗುಪ್ತ ಅಂದ್ರ ಹೆಂಗ? ಅಂಟಿಸಿದ ಲಕೋಟಿ ಇದ್ಧಂಗ. ಆಡ್‌ಆನ್ ಆ ಲಕೋಟಿನ್ನ ಸ್ಕ್ರೀನ್ ತನಕ ಒಯ್ದು ಕೊಡಬಹುದು, ಅಲ್ಲೆ ಪಟ್ಟಿ ಆಗಿ ಕಾಣತದ. ಒಳಗ ಏನು ಬರದದ ಅಂತ ತಾ ಓದಂಗಿಲ್ಲ, ಓದಿ ಲೆಕ್ಕ ಹಾಕಂಗಿಲ್ಲ. ಬಣ್ಣ, ಗಾತ್ರ, ಜಾಗಾ ನಿಮ್ಮದು. ಅರ್ಥ ಮಾತ್ರ ಮಾಲಕಂದು. ಭಾಳ ಮಂದಿ ಬಳಸೋ 'ವೀಕ್‌ಆರಾಸ್' ಅನ್ನೋ ಆಡ್‌ಆನಿನವರು ಈ ಕಟ್ಟಳೆಯೊಳಗ ತಮ್ಮ ಕೆಲಸ ಆಗಂಗಿಲ್ಲ ಅಂತ ಕೈ ಎತ್ತಿದ್ರು. ಬದಲಿಗೆ ಕಂಪನಿ ತನ್ನದ ಮೀಟರು, ರಾಕ್ಷಸ ಯಾವಾಗ ಏನು ಮಾಡ್ತಾನ ಅನ್ನೋದರ ತನ್ನದ ವೇಳಾಪಟ್ಟಿ ಆಟದೊಳಗ ಹಾಕ್ತು.

ನಾ ಯಾರ ಕಡೆ? ತಲಿ ಉಪಯೋಗಸೋ ಕೆಲಸ ಯಂತ್ರ ಕಸಗೋಬಾರದು ಅನ್ನೋದರಾಗ 2006ರಾಗಿನಂಗ ಈಗಲೂ ಮಾಲಕನ ಕಡೆನ. ಆದ್ರ ಒಂದು ಫರಕ ಅದ. ಆವಾಗ ಅವರು ಆಡ್‌ಆನಿನ ಕೈ ಕಟ್ಟಿದ್ರು, ಕಣ್ಣು ಬಿಟ್ಟಿದ್ರು. ಈ ಸಲ ಕಣ್ಣಿಗೇ ಅರಿವಿ ಕಟ್ಟ್ಯಾರ. ಸಪ್ಪಳದ ಮ್ಯಾಲೆ ಆಡೋರು, ಕೈ ನಡಗೋರು, ಒಂದ ಬಣ್ಣ ಮಾತ್ರ ಛಲೋ ಕಾಣೋರು, ಇಂಥಾವರಿಗೆ ಒಬ್ಬೊಬ್ಬರಿಗೆ ಒಂದೊಂದು ನಮೂನಿ ಸಹಾಯ ಬೇಕಾಗ್ತದ. ಒಂದ ಅಳತಿ ಜಂಪರ್ ಹೊಲದು ಎಲ್ಲಾರಿಗೂ ಹಾಕೋರಿ ಅಂದಂಗ ಆಗಬಾರದು. ಕಂಪನಿಯವರು ಕೇಳಿದ ಮ್ಯಾಲೆ ಕೆಲವು ಗಂಟು ಸಡಲ ಬಿಟ್ಟಾರ, ಇನ್ನೂ ಕೇಳೋ ಮಂದಿ ಕೇಳ್ಕೋತನ ಇದ್ದಾರ.

ಮಗಳು ಈ ಸಲ ತನ್ನ ಚೌಕದ ಕಡತ ಮತ್ತ ಬರಕೋಬೇಕಾತು. ಅಗಲ-ಎತ್ತರ ಹಳೇದ ಇಟ್ಟಾಳ, ವಿಷದ ಚುಕ್ಕಿ ಮೂಡಸೋ ಸಾಲು ತಗದು ಕಂಪನಿ ಕೊಟ್ಟಿದ್ದನ್ನ ಹಾಕ್ಯಾಳ. ನಂಗ ಟಿಓಸಿ ಯಾದಿಯ ಮೊದಲನೇ ಸಾಲು ಬದಲಸೋ ಕೆಲಸ ಕೊಟ್ಟಿದ್ಲು. ಯಾವ ಆವೃತ್ತಿಗೆ ಬರದದ್ದು ಅನ್ನೋ ಅಂಕಿ ಅದು. ಅಕಿ ಹತ್ರ ಸುರುವಿನ ಕಾಲದ ಒಂದು ಆಡ್‌ಆನ್ ಇನ್ನೂ ಅದ, 1.12 ಆವೃತ್ತಿದು, ಯಾರೋ ಪರದೇಶದವರು ಬರದದ್ದು. ಅದರಾಗ 11200 ಅಂತದ. ಈ ಹೊಸದರಾಗ ನಾ 120000 ಅಂತ ಹೊಡದೆ.